ಹಳೇ ಸ್ವಿಂಗ್ ಟೇಬಲ್ ಒಗೀದಂಗ ಹೊಸ ಕಂಪೋಸ್ ಸ್ಕ್ರೀನ್‌ನ್ಯಾಗ ಕೂಡ್ಸೋದು ಹೆಂಗ

ದಲಾಲಿ ಅಂಗಡಿ ಸಾಫ್ಟ್‌ವೇರ್ ನೋಡ್ಕೊಳ್ಳೋ ನಮ್ಮಂಥೋರಿಗೆ ಇದು ರೂಢಿ ಆಗಿಬಿಟ್ಟೈತಿ ನೋಡ್ರಿ, ಸಾವ್ಕಾರ್ರು ಒಂದ್ ಕಡೆ "ಸ್ಕ್ರೀನ್ ಭಾಳ ಹಳೇದ್ ಕಾಣ್ತೈತಿ, ಮೊಬೈಲ್‌ನ್ಯಾಗ ಇದ್ದಂಗ ಚಂದ ಮಾಡಿಕೊಡ್ರಿ" ಅಂತಾರ, ಅದ ಅಂಗಡಿ ಗುಮಾಸ್ತ ಹಿಂದಿಂದ ಬಂದು "ಅಣ್ಣಾ, ಏನರ ಮಾಡ್ರಿ, ಲಾಟ್ ಬರಿಯೋ ಟೇಬಲ್ ಅಷ್ಟ ಮುಟ್ಟಬ್ಯಾಡ್ರಿ" ಅಂತಾನ. ಇಬ್ಬರ ಮಾತೂ ಖರೇನ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಸೀಸನ್ ಹೊತ್ತಿನ್ಯಾಗ ಸೋಮವಾರ, ಗುರುವಾರ ಬಂತಂದ್ರ ಲಾಟ್ ನಂಬರ್, ರೈತನ ಹೆಸರು, ಊರು, ಚೀಲ, ಡಬ್ಬಿನೋ ಕಡ್ಡಿನೋ (ಮೆಣಸಿನಕಾಯಿ ತಳಿ), ರೇಟು, ಇಷ್ಟೂ ಗುಮಾಸ್ತ ಮೌಸ್ ಮುಟ್ಟದ ಟ್ಯಾಬ್, ಎಂಟರ್ ಒತ್ತಕೋತ ಹೊಡಿತಿರ್ತಾನ, ಅವನ ಕಣ್ಣು ಚೀಟಿ ಮ್ಯಾಲ ಇರ್ತಾವ, ಸ್ಕ್ರೀನ್ ಮ್ಯಾಲ ಅಲ್ಲ. ಆ ಟೇಬಲ್ ಜಾವಾ ಸ್ವಿಂಗ್‌ನ (ಜಾವಾದಾಗ ಕಂಪ್ಯೂಟರ್ ಸ್ಕ್ರೀನ್ ಕಟ್ಟೋ ಹಳೇ ಲೈಬ್ರರಿ) ಜೆಟೇಬಲ್. ಸ್ವಿಂಗ್ 1998ರಾಗ ಜಾವಾ 1.2 ಜೊತಿ ಬಂದದ್ದು, ಹಳೇದು ಅನ್ನೋದು ಹೌದು, ಆದ್ರ ಎಡಿಟ್ ಮಾಡೋ ದೊಡ್ಡ ಗ್ರಿಡ್ ಅಂತ ಬಂದ್ರ ಅಷ್ಟು ಪಳಗಿದ ಸಾಮಾನು ಕಂಪೋಸ್‌ನ್ಯಾಗ (ಕಾಟ್ಲಿನ್ ಭಾಷೆಯಾಗ ಸ್ಕ್ರೀನ್ ಕಟ್ಟೋ ಹೊಸ ಲೈಬ್ರರಿ) ರೆಡಿ ಸಿಗಂಗಿಲ್ಲ.

ಹಂಗಾಗಿ ಉಪಾಯ ಏನಂದ್ರ ಸುತ್ತಲಿಂದು ಎಲ್ಲಾ, ಅಂದ್ರ ಮೆನು, ಹುಡುಕೋ ಬಾಕ್ಸ್, ಮ್ಯಾಲಿನ ಒಟ್ಟು ಲೆಕ್ಕದ ಕಾರ್ಡು, ತಕ್‌ಪಟ್ಟಿ (ರೈತಗ ಕೊಡೋ ಲೆಕ್ಕದ ಚೀಟಿ) ಪ್ರಿವ್ಯೂ, ಇವು ಕಂಪೋಸ್ ಮಲ್ಟಿಪ್ಲಾಟ್‌ಫಾರ್ಮ್‌ನ್ಯಾಗ ಹೊಸದಾಗಿ ಬರೀರಿ, ನಡುವಿನ ಟೇಬಲ್ ಮಾತ್ರ ಇದ್ದಂಗ ಎತ್ತಿ ಅದರೊಳಗ ಕೂಡಸ್ರಿ. ಇದು ಆಗ್ತೈತಿ, ಚೊಲೊನೂ ಆಗ್ತೈತಿ. ಆದ್ರ ಒಂದ್ ವಿಷಯ ಮೊದಲ ಇತ್ಯರ್ಥ ಮಾಡ್ಕೋಬೇಕು: ಡೇಟಾಕ್ಕ ಮಾಲಕ ಯಾರು? ಕಂಪೋಸೋ ಸ್ವಿಂಗೋ? ಇಬ್ಬರೂ ಮಾಲಕರಾದ್ರ ಮುಂದ ಬರೋ ತೊಂದ್ರಿ ಮುಕ್ಕಾಲು ಪಾಲು ಅಲ್ಲಿಂದನ ಬರ್ತಾವ. ನಾ ಹೇಳೋದು ಮಾಲಕ ಕಂಪೋಸ್ ಇರ್ಲಿ, ಸ್ವಿಂಗ್ ಬರೇ ತೋರ್ಸೋದು ಮತ್ತ "ಇಲ್ಲಿ ಏನೋ ಬದಲಾತು" ಅಂತ ಸುದ್ದಿ ಮುಟ್ಸೋದು, ಅಷ್ಟ ಮಾಡ್ಲಿ.

(ಕ್ಲಾಸು, ಫಂಕ್ಷನ್ ಹೆಸರೆಲ್ಲಾ ಕನ್ನಡದಾಗ ಬರ್ದೀನಿ, ಐಡಿಇ ಒಳಗ ಅದ ಉಚ್ಚಾರ ಹಿಡದು ಟೈಪ್ ಮಾಡ್ಲಿಕ್ಕೆ ಹತ್ತಿದ್ರ ಆಟೋಕಂಪ್ಲೀಟ್ ತಾನ ತೋರಸ್ತೈತಿ.)

ಯಾವುದ್ರೊಳಗ ಯಾವುದು

ಕೋಡ್ ಬರಿಯೋಕಿಂತ ಮೊದ್ಲು ದಿಕ್ಕು ನಿರ್ಧಾರ ಮಾಡ್ರಿ. ಎರಡು ದಾರಿ ಅದಾವ. ವಿಂಡೋ ಕಂಪೋಸ್‌ದು, ಒಳಗ ಒಂದ್ ಸ್ವಿಂಗ್ ತುಣುಕು: ಇದಕ್ಕ ಸ್ವಿಂಗ್‌ಪ್ಯಾನೆಲ್ ಅನ್ನೋ ಕಂಪೋಸಬಲ್ (ಕಂಪೋಸ್‌ನ್ಯಾಗ ಸ್ಕ್ರೀನ್‌ನ ಒಂದ್ ತುಣುಕು ಕಟ್ಟೋ ಫಂಕ್ಷನ್). ಇಲ್ಲಾ, ವಿಂಡೋ ಹಳೇ ಜೆಫ್ರೇಮ್‌ದ (ಸ್ವಿಂಗ್‌ನ ವಿಂಡೋ) ಇರ್ಲಿ, ಒಳಗ ಒಂದ್ ಟ್ಯಾಬ್ ಅಷ್ಟ ಕಂಪೋಸ್: ಇದಕ್ಕ ಕಂಪೋಸ್‌ಪ್ಯಾನೆಲ್. ಹೆಸರು ಒಂದ್ಕೊಂದು ಹೋಲ್ತಾವ, ಅದಲು ಬದಲು ಮಾಡ್ಕೋಬ್ಯಾಡ್ರಿ.

ನಲವತ್ತು ಐವತ್ತು ಸ್ಕ್ರೀನ್ ಇರೋ ದೊಡ್ಡ ಆ್ಯಪ್ ಆದ್ರ ಎರಡನೇ ದಾರಿನ ಬರೋಬರಿ, ಒಂದೊಂದ ಟ್ಯಾಬ್ ಬದಲಿ ಮಾಡ್ಕೋತ ಹೋಗಬಹುದು, ಅಂಗಡಿ ಕೆಲಸ ನಿಲ್ಲಂಗಿಲ್ಲ. ಅಲ್ಲಿ ಒಂದ್ ಸಣ್ಣ ತೊಡಕು ಐತಿ, ಸೆಟ್‌ಕಂಟೆಂಟ್‌ಗೆ ಕೊಡೋ ಕಂಪೋಸಬಲ್ ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಜಾವಾ ಫೈಲ್ ಒಳಗಿಂದ ಬರಿಯಾಕ ಬರಂಗಿಲ್ಲ, ಅದಕ್ಕ ಒಂದ್ ಕಾಟ್ಲಿನ್ ಫೈಲ್ ಇಟ್ಟು ಅದರಾಗ ಕಂಪೋಸ್‌ಪ್ಯಾನೆಲ್ ಕಟ್ಟಿ ವಾಪಸ್ ಕೊಡೋ ಫಂಕ್ಷನ್ ಬರೀರಿ, ಜಾವಾದಿಂದ ಆ ಫಂಕ್ಷನ್ ಕರೀರಿ. ಮತ್ತ ಕಂಪೋಸ್‌ಪ್ಯಾನೆಲ್‌ನ ಪೇರೆಂಟ್‌ನಿಂದ (ಅದು ಕೂತಿರೋ ಹೊರಗಿನ ಕಾಂಪೊನೆಂಟ್) ತಗದು ಮತ್ತ ಹಚ್ಚಿದ್ರ ಒಳಗಿನ ಸ್ಟೇಟ್ (ಸ್ಕ್ರೀನ್ ನೆನಪಿಟ್ಕೊಂಡ ಡೇಟಾ) ಹೋಗಿಬಿಡ್ತೈತಿ, ಅದನ್ನ ಉಳಿಸ್ಕೋಬೇಕಂದ್ರ ಸ್ಟೇಟ್ ಹೊರಗಿಂದ ಕೊಡ್ರಿ.

ನಮ್ಮ ಲಾಟ್ ಸ್ಕ್ರೀನ್‌ಗೆ ಮೊದಲನೇ ದಾರಿ. ಮುಂದ ಹೇಳೋದೆಲ್ಲಾ ಅದರದ್ದ.

ಪ್ರಾಜೆಕ್ಟ್ ತಯಾರಿ

ಇಂಟೆಲಿಜೆ ಐಡಿಯಾದಾಗ ಕಾಟ್ಲಿನ್ ಗ್ರೇಡಲ್ ಪ್ರಾಜೆಕ್ಟ್ ಮಾಡ್ರಿ, ಜೆಟ್‌ಬ್ರೈನ್ಸ್‌ನ ಕಂಪೋಸ್ ಗ್ರೇಡಲ್ ಪ್ಲಗಿನ್ ಹಾಕ್ರಿ, ಕಾಟ್ಲಿನ್ 2.0 ಇಲ್ಲಾ ಅದರಕಿಂತ ಮುಂದಿಂದು ಇದ್ರ ಕಂಪೋಸ್ ಕಂಪೈಲರ್ ಪ್ಲಗಿನ್ ಕಾಟ್ಲಿನ್ ಕಡೆಯಿಂದ ಬೇರೆ ಹಾಕಬೇಕು, ಅದನ್ನ ಬಿಟ್ರ ಬಿಲ್ಡ್ ಆಗಂಗಿಲ್ಲ. ಡಿಪೆಂಡೆನ್ಸಿಯೊಳಗ ಡೆಸ್ಕ್‌ಟಾಪ್‌ನ ಕರೆಂಟ್ ಓಎಸ್ ಅನ್ನೋದು. ಜೆಡಿಕೆ 17 ಇಟ್ಕೋರಿ, ಪ್ಯಾಕೇಜ್ ಮಾಡೋ ಹೊತ್ತಿಗೆ ಅದು ಬೇಕಾಗ್ತೈತಿ.

ಇನ್ನೊಂದು ಡಿಪೆಂಡೆನ್ಸಿ ಈಗಲೇ ಹಾಕಿಬಿಡ್ರಿ: ಕೊರುಟೀನ್ ಲೈಬ್ರರಿಯ (ಕಾಟ್ಲಿನ್‌ನ್ಯಾಗ ಸ್ಕ್ರೀನ್ ನಿಲ್ಲಿಸ್ದ ಕೆಲಸ ಓಡ್ಸೋದು) ಸ್ವಿಂಗ್ ಭಾಗ. ಇದು ಇಲ್ದ ಡಿಸ್ಪ್ಯಾಚರ್ಸ್ ಮೇನ್ (ಕೆಲಸ ಸ್ಕ್ರೀನ್‌ನ ಮುಖ್ಯ ಥ್ರೆಡ್ ಮ್ಯಾಲ ಓಡ್ಲಿ ಅಂತ ಹೇಳೋದು) ಬಳಸಿದ್ರ ಮೇನ್ ಡಿಸ್ಪ್ಯಾಚರ್ ಇರೋ ಮಾಡ್ಯೂಲ್ ಇಲ್ಲ ಅಂತ ಎಕ್ಸೆಪ್ಷನ್ ಬರ್ತೈತಿ. ಒಂದ್ ಒಳ್ಳೆ ಸುದ್ದಿ ಏನಂದ್ರ ಡೆಸ್ಕ್‌ಟಾಪ್ ಮ್ಯಾಲ ಕಂಪೋಸ್ ಆಗ್ಲಿ ಸ್ವಿಂಗ್ ಆಗ್ಲಿ ಎರಡೂ ಒಂದ ಥ್ರೆಡ್ ಮ್ಯಾಲ ಓಡ್ತಾವ, ಅದ ಹಳೇ ಇವೆಂಟ್ ಡಿಸ್ಪ್ಯಾಚ್ ಥ್ರೆಡ್. ಹಂಗಾಗಿ ಇವೆರಡರ ನಡುವ ಇನ್‌ವೋಕ್‌ಲೇಟರ್ (ಕೆಲಸನ ಆ ಥ್ರೆಡ್‌ಗೆ ದಾಟ್ಸೋ ಫಂಕ್ಷನ್) ಆಟ ಆಡೋದು ಬೇಕಾಗಂಗಿಲ್ಲ. ಕೆಟ್ಟ ಸುದ್ದಿನೂ ಅದ: ಡೇಟಾಬೇಸ್ ಕ್ವೆರಿ ಆ ಥ್ರೆಡ್ ಮ್ಯಾಲ ಓಡ್ಸಿದ್ರ ಎರಡೂ ಒಮ್ಮೆಲೇ ಗಪ್ ಕೂಡ್ತಾವ. ಕ್ವೆರಿ ಐಓ ಡಿಸ್ಪ್ಯಾಚರ್ ಮ್ಯಾಲ, ಬಂದ ಉತ್ತರ ಮೇನ್ ಮ್ಯಾಲ.

ಫ್ಯಾಕ್ಟರಿ ಒಮ್ಮೆ, ಅಪ್‌ಡೇಟ್ ಮ್ಯಾಲಿಂದ ಮ್ಯಾಲ

ಸ್ವಿಂಗ್‌ಪ್ಯಾನೆಲ್‌ಗೆ ಮುಖ್ಯ ನಾಕು ಕೊಡೋದು ಇರ್ತೈತಿ: ಬ್ಯಾಕ್‌ಗ್ರೌಂಡ್ ಬಣ್ಣ, ಮಾಡಿಫೈಯರ್, ಫ್ಯಾಕ್ಟರಿ, ಅಪ್‌ಡೇಟ್. ಬಣ್ಣ ಕೊಡದಿದ್ರ ಡಾರ್ಕ್ ಥೀಮ್‌ನ್ಯಾಗ ಟೇಬಲ್ ಬರೋಕಿಂತ ಮೊದ್ಲು ಬಿಳಿ ಬಾಕ್ಸ್ ಮಿಂಚಿ ಹೋಗ್ತೈತಿ, ಥೀಮ್‌ನ ಸರ್ಫೇಸ್ ಬಣ್ಣ ಕೊಟ್ಟುಬಿಡ್ರಿ, ಅದರ ಮಾತು ಮುಗೀತು.

ಫ್ಯಾಕ್ಟರಿ ಲ್ಯಾಂಬ್ಡಾ ಸ್ವಿಂಗ್ ಕಾಂಪೊನೆಂಟ್ ಹುಟ್ಸೋ ಜಾಗ, ಸ್ವಿಂಗ್‌ಪ್ಯಾನೆಲ್ ಸ್ಕ್ರೀನ್ ಮ್ಯಾಲ ಬಂದಾಗ ಒಮ್ಮೆ ಓಡ್ತೈತಿ. ಅಪ್‌ಡೇಟ್ ಲ್ಯಾಂಬ್ಡಾ ಹುಟ್ಟಿದ ಮ್ಯಾಲ ಒಮ್ಮೆ, ಆಮೇಲೆ ಅದರೊಳಗ ನೀವು ಓದಿದ ಕಂಪೋಸ್ ಸ್ಟೇಟ್ ಬದಲಾದಾಗೆಲ್ಲಾ ಓಡ್ತೈತಿ. ಇದನ್ನ ತಲಿಯೊಳಗ ಹಾಕ್ಕೊಂಡ್ರ ಅರ್ಧ ಕೆಲಸ ಆದಂಗ. ಜೆಟೇಬಲ್ ಕಟ್ಟೋದು, ಕಾಲಂ ಅಗಲ, ರೆಂಡರರ್ (ಸೆಲ್ ಬಿಡಿಸೋ ಕೋಡ್), ಲಿಸನರ್ (ಏನರ ಬದಲಾದ್ರ ಓಡೋ ಕೋಡ್) ಹಚ್ಚೋದು, ಇವೆಲ್ಲಾ ಫ್ಯಾಕ್ಟರಿಯೊಳಗ. ಹೊಸ ಸಾಲು ಮುಟ್ಸೋದು, ಎನೇಬಲ್ ಡಿಸೇಬಲ್ ಮಾಡೋದು ಅಪ್‌ಡೇಟ್ ಒಳಗ. ಲಿಸನರ್‌ನ ಅಪ್‌ಡೇಟ್ ಒಳಗ ಹಚ್ಚಿದ್ರಂದ್ರ ಪ್ರತಿ ಬದಲಾವಣೆಗೆ ಒಂದೊಂದು ಲಿಸನರ್ ಜಾಸ್ತಿ ಆಗ್ಕೋತ ಹೋಗ್ತೈತಿ, ಮಧ್ಯಾಹ್ನದ ಹೊತ್ತಿಗೆ ಒಂದ್ ಕ್ಲಿಕ್‌ಗೆ ಅದ ಕೆಲಸ ನೂರು ಸಲ ಓಡ್ತಿರ್ತೈತಿ, ಸ್ಕ್ರೀನ್ ಯಾಕ ಸ್ಲೋ ಆತು ಅಂತ ಹುಡುಕೋತ ಕೂಡ್ಬೇಕಾಗ್ತೈತಿ.

ಮತ್ತ ಜೆಟೇಬಲ್‌ನ ಬರೇ ಹಂಗ ವಾಪಸ್ ಕೊಡಬ್ಯಾಡ್ರಿ, ಜೆಸ್ಕ್ರೋಲ್‌ಪೇನ್ ಒಳಗ ಹಾಕಿ ಕೊಡ್ರಿ. ಇಲ್ಲಂದ್ರ ಕಾಲಂ ತಲೆಬರಹನ ಕಾಣಂಗಿಲ್ಲ, ಸ್ವಿಂಗ್‌ನ್ಯಾಗ ಹೆಡರ್ ಸ್ಕ್ರೋಲ್‌ಪೇನ್‌ಗೆ ಅಂಟ್ಕೊಂಡ ಬರೋದು.

ಫ್ಯಾಕ್ಟರಿ ಒಮ್ಮೆ ಓಡೋದ್ರಿಂದ ಇನ್ನೊಂದು ಗುಟ್ಟಿನ ತೊಂದ್ರಿ ಐತಿ. ಲಿಸನರ್ ಒಳಗ ನೀವು ಕರಿಯೋ ಕಾಲ್‌ಬ್ಯಾಕ್ (ಸುದ್ದಿ ಮುಟ್ಸೋ ಫಂಕ್ಷನ್) ಅವತ್ತಿನ ಹೊತ್ತಿನ ಕಾಲ್‌ಬ್ಯಾಕ್ ಆಗಿ ಉಳಿತೈತಿ. ತಾರೀಖು ಬದಲಿ ಮಾಡಿದ್ರಿ, ಹೊಸ ತಾರೀಖಿನ ಕಾಲ್‌ಬ್ಯಾಕ್ ಕಂಪೋಸ್ ಕೊಟ್ತು, ಆದ್ರ ಟೇಬಲ್ ಇನ್ನೂ ನಿನ್ನಿ ತಾರೀಖಿಗೆ ರೇಟ್ ಬರಿತಾ ಕೂತಿರ್ತೈತಿ. ಇದಕ್ಕ ರಿಮೆಂಬರ್‌ಅಪ್‌ಡೇಟೆಡ್‌ಸ್ಟೇಟ್ ಅಂತ ಐತಿ, ಕಾಲ್‌ಬ್ಯಾಕ್‌ನ ಅದರೊಳಗ ಸುತ್ತಿ ಲಿಸನರ್ ಒಳಗಿಂದ ಅದನ್ನ ಓದಿದ್ರ ಯಾವಾಗ್ಲೂ ಹೊಸದ ಸಿಗ್ತೈತಿ. ಟೆಸ್ಟ್ ಮಾಡುವಾಗ ಇದು ಸಿಗಂಗಿಲ್ಲ ರೀ, ಯಾಕಂದ್ರ ಟೆಸ್ಟ್ ಮಾಡೋರು ತಾರೀಖು ಬದಲಿ ಮಾಡಂಗಿಲ್ಲ.

ಇನ್ನ ಸ್ವಿಂಗ್‌ಪ್ಯಾನೆಲ್ ಒಂದ್ ಇಫ್ ಒಳಗ ಇದ್ರ, ಅಂದ್ರ "ಲಾಟ್" ಟ್ಯಾಬ್ ಇದ್ದಾಗಷ್ಟ ತೋರ್ಸೋದಿದ್ರ, ಟ್ಯಾಬ್ ಬಿಟ್ಟು ಬಂದಾಗೆಲ್ಲಾ ಫ್ಯಾಕ್ಟರಿ ಮತ್ತ ಓಡ್ತೈತಿ, ಗುಮಾಸ್ತ ಎಲ್ಲಿದ್ನೋ ಆ ಸಾಲು, ಸ್ಕ್ರೋಲ್, ಕಾಲಂ ಅಗಲ ಎಲ್ಲಾ ಹೋಗಿ ಮೊದಲನೇ ಸಾಲಿಗೆ ಬರ್ತೈತಿ. ಹಿಂಗ ಆಗಬಾರ್ದಂದ್ರ ಸ್ಕ್ರೋಲ್‌ಪೇನ್ ಸಮೇತ ಟೇಬಲ್‌ನ ಇಫ್‌ನಿಂದ ಹೊರಗ, ಮ್ಯಾಲಿನ ಮಟ್ಟದಾಗ ರಿಮೆಂಬರ್ ಒಳಗ ಕಟ್ಟಿ ಇಡ್ರಿ, ಫ್ಯಾಕ್ಟರಿ ಬರೇ ಅದನ್ನ ವಾಪಸ್ ಕೊಡ್ಲಿ. ಆದ್ರ ಅದ ಕಾಂಪೊನೆಂಟ್‌ನ ಏಕಕಾಲಕ್ಕ ಎರಡು ಸ್ವಿಂಗ್‌ಪ್ಯಾನೆಲ್‌ಗೆ ಕೊಡಬ್ಯಾಡ್ರಿ, ಸ್ವಿಂಗ್ ಕಾಂಪೊನೆಂಟ್‌ಗೆ ಪೇರೆಂಟ್ ಒಬ್ಬನ, ಎರಡನೇದಕ್ಕ ಹಚ್ಚಿದ ಕೂಡ್ಲೆ ಮೊದಲನೇದ್ರಿಂದ ಕಿತ್ತು ಬರ್ತೈತಿ.

ಮಾಲಕ ಒಬ್ಬನ ಇರ್ಬೇಕು ಅಂದ್ನೆಲ್ಲಾ, ಅದು ಕೋಡ್‌ನ್ಯಾಗ ಹೆಂಗ

ಹಳೇ ಕೋಡ್‌ನ್ಯಾಗ ಸಾಮಾನ್ಯ ಡಿಫಾಲ್ಟ್‌ಟೇಬಲ್‌ಮಾಡೆಲ್ ಇರ್ತೈತಿ, ಡೇಟಾ ಅದರೊಳಗ ಕೂತಿರ್ತೈತಿ. ಅದನ್ನ ತಗದು ಅಬ್‌ಸ್ಟ್ರಾಕ್ಟ್‌ಟೇಬಲ್‌ಮಾಡೆಲ್‌ನಿಂದ ನಿಮ್ದ ಒಂದ್ ಮಾಡೆಲ್ ಬರೀರಿ, ಅದರೊಳಗ ಬದಲಾಗದ ಒಂದ್ ಲಿಸ್ಟ್, ಮತ್ತ ಹೊಸ ಲಿಸ್ಟ್ ತಗೊಳ್ಳೋ ಒಂದ್ ಫಂಕ್ಷನ್. ಸೆಟ್‌ವ್ಯಾಲ್ಯೂಆ್ಯಟ್ ಒಳಗ ಲಿಸ್ಟ್ ತಿದ್ದಬ್ಯಾಡ್ರಿ. "ಲಾಟ್ ನಂಬರ್ ಇಂಥದ್ದು, ರೇಟ್ ಇಷ್ಟಾತು" ಅಂತ ಕಾಲ್‌ಬ್ಯಾಕ್ ಕರೀರಿ, ಅಷ್ಟ. ಕಂಪೋಸ್ ಕಡೆ ಸ್ಟೇಟ್ ಬದಲಾಗ್ತೈತಿ, ಅದರಿಂದ ಮ್ಯಾಲಿನ ಒಟ್ಟು ಕ್ವಿಂಟಲ್, ಒಟ್ಟು ರೊಕ್ಕದ ಕಾರ್ಡು ತಾವ ಬದಲಾಗ್ತಾವ, ಅಪ್‌ಡೇಟ್ ಓಡಿ ಹೊಸ ಲಿಸ್ಟ್ ಟೇಬಲ್‌ಗೂ ಮುಟ್ತೈತಿ. ಸುತ್ತ ಹಾಕಿ ಬಂದಂಗ ಕಾಣ್ತೈತಿ ಖರೇ, ಆದ್ರ ಟೇಬಲ್ ನೇರವಾಗಿ ತನ್ನ ಲಿಸ್ಟ್ ತಿದ್ದಿಕೊಂಡ್ರ ಕಂಪೋಸ್‌ಗೆ ಗೊತ್ತ ಆಗಂಗಿಲ್ಲ, ಸಾದಾ ಅರೇಲಿಸ್ಟ್ ಬದಲಾಗಿದ್ದು ಅದಕ್ಕ ಕಾಣಂಗಿಲ್ಲ. ಕೆಳಗ ಟೇಬಲ್‌ನ್ಯಾಗ ಒಂದ್ ಲೆಕ್ಕ, ಮ್ಯಾಲ ಕಾರ್ಡ್‌ನ್ಯಾಗ ಇನ್ನೊಂದು ಲೆಕ್ಕ, ಸಾವ್ಕಾರ್ರ ಮುಂದ ನಿಂತು ಇದಕ್ಕ ಸಮಜಾಯಿಷಿ ಕೊಡೋದು ಭಾಳ ಕಷ್ಟ.

ಈಗ ಈ ಇಡೀ ಕೆಲಸದಾಗ ಹೆಚ್ಚು ಕಾಡೋ ಜಾಗ ಇದು, ಸಾವಕಾಶ ಓದ್ರಿ. ಹೊಸ ಲಿಸ್ಟ್ ಬಂತು ಅಂತ ಪ್ರತಿ ಸಲ ಫೈರ್‌ಟೇಬಲ್‌ಡೇಟಾಚೇಂಜ್ಡ್ ಕರದ್ರ ಟೇಬಲ್‌ನ ಸೆಲೆಕ್ಷನ್ ಅಳಿಸಿ ಹೋಗ್ತೈತಿ. ಗುಮಾಸ್ತ ರೇಟ್ ಹೊಡ್ದು ಎಂಟರ್ ಒತ್ತತಾನ, ಸ್ಟೇಟ್ ಬದಲಾಗ್ತೈತಿ, ಅಪ್‌ಡೇಟ್ ಓಡ್ತೈತಿ, ಸೆಲೆಕ್ಷನ್ ಹೋತು. ಮುಂದಿನ ರೇಟ್ ಎಲ್ಲಿ ಬೀಳ್ತೈತಿ? ಅದಕ್ಕ ಹಳೇ ಲಿಸ್ಟ್ ಹೊಸ ಲಿಸ್ಟ್ ಹೋಲಿಸಿ ನೋಡ್ರಿ, ಒಂದ ಸಾಲು ಬದಲಾಗಿದ್ರ ಫೈರ್‌ಟೇಬಲ್‌ರೋಸ್‌ಅಪ್‌ಡೇಟೆಡ್ ಅಂತ ಆ ಸಾಲಿಗಷ್ಟ ಹೇಳ್ರಿ, ಸಾಲು ಕೂಡಿದ್ರ ರೋಸ್‌ಇನ್ಸರ್ಟೆಡ್. ಏನೂ ಬದಲಾಗದಿದ್ರ ಏನೂ ಕರೀಬ್ಯಾಡ್ರಿ. ಫೈರ್‌ಟೇಬಲ್‌ಸ್ಟ್ರಕ್ಚರ್‌ಚೇಂಜ್ಡ್ ಅಂತೂ ಹತ್ರ ಹೋಗಬ್ಯಾಡ್ರಿ, ಕಾಲಂಗಳನ್ನ ಹೊಸದಾಗಿ ಕಟ್ಟಿ ಅಗಲ, ರೆಂಡರರ್ ಎಲ್ಲಾ ಒಗದುಬಿಡ್ತೈತಿ.

ಇದಕ್ಕಿಂತ ಕೆಟ್ಟದ್ದೊಂದು ಐತಿ. ಗುಮಾಸ್ತ ಐದನೇ ಸಾಲಿನ ರೇಟ್ ಸೆಲ್‌ನ್ಯಾಗ ಟೈಪ್ ಮಾಡಾಕತ್ತಾನ, ಇನ್ನೂ ಎಂಟರ್ ಒತ್ತಿಲ್ಲ, ಆ ಹೊತ್ತಿಗೆ ಇನ್ನೊಂದು ಕಂಪ್ಯೂಟರ್‌ನಿಂದ ಹೊಸ ಲಾಟ್ ಬಂದು ಲಿಸ್ಟ್‌ನ ಮ್ಯಾಲ ಸೇರ್ತು, ಅಪ್‌ಡೇಟ್ ಓಡ್ತು. ರೋಸಾರ್ಟರ್ (ಸಾಲುಗಳನ್ನ ಕ್ರಮಕ್ಕ ಹಚ್ಚೋದು) ಇಲ್ದ ಸಾದಾ ಜೆಟೇಬಲ್ ಇದ್ರ ಎಡಿಟರ್ ಐದನೇ ಸಾಲಿನ ಮ್ಯಾಲನ ಕೂತಿರ್ತೈತಿ, ಆದ್ರ ಐದನೇ ಸಾಲಿನ್ಯಾಗ ಈಗ ಬ್ಯಾರೆ ರೈತನ ಲಾಟ್ ಐತಿ. ಎಂಟರ್ ಒತ್ತಿದ್ರ ಒಬ್ಬರ ರೇಟ್ ಇನ್ನೊಬ್ಬರ ಹೆಸರಿಗೆ. ಎರರ್ ಇಲ್ಲ, ಕೆಂಪು ಗೆರಿ ಇಲ್ಲ, ತಕ್‌ಪಟ್ಟಿ ಪ್ರಿಂಟ್ ಆಗಿ ರೈತ ಕೈಯಾಗ ಹಿಡ್ಕೊಂಡಾಗ ಗೊತ್ತಾಗೋದು. ಅದಕ್ಕ ಅಪ್‌ಡೇಟ್ ಒಳಗ ಮೊದಲ ಟೇಬಲ್ ಈಸ್‌ಎಡಿಟಿಂಗ್ ಐತೇನು ಅಂತ ಕೇಳ್ರಿ, ಇದ್ರ ಹೊಸ ಲಿಸ್ಟ್ ಬದಿಗಿಟ್ಟು ಎಡಿಟಿಂಗ್ ಮುಗಿದ ಮ್ಯಾಲ ಹಚ್ಚ್ರಿ. ಮತ್ತ ಕಾಲ್‌ಬ್ಯಾಕ್‌ಗೆ ಸಾಲಿನ ನಂಬರ್ ಕೊಡಬ್ಯಾಡ್ರಿ, ಎಡಿಟ್ ಸುರು ಆದಾಗ ಯಾವ ಲಾಟ್ ಇತ್ತೋ ಆ ಲಾಟ್‌ನ ಗುರುತು ಹಿಡ್ದಿಟ್ಟು ಅದನ್ನ ಕೊಡ್ರಿ. ರೋಸಾರ್ಟರ್ ಹಚ್ಚಿದ್ರ ಕಣ್ಣಿಗೆ ಕಾಣೋ ಸಾಲು ಬ್ಯಾರೆ, ಮಾಡೆಲ್‌ನ ಸಾಲು ಬ್ಯಾರೆ, ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಮರೀಬ್ಯಾಡ್ರಿ.

ಅದರ ಜೋಡಿನ ಇನ್ನೊಂದು. ರೇಟ್ ಸೆಲ್‌ನ್ಯಾಗ ಟೈಪ್ ಮಾಡಿ ಎಂಟರ್ ಒತ್ತದ ನೇರ ಕಂಪೋಸ್‌ನ "ಉಳಿಸು" ಬಟನ್ ಒತ್ತಿದ್ರ ಆ ಕೊನೇ ಸೆಲ್ ಉಳಿಯಂಗಿಲ್ಲ. ಟೇಬಲ್‌ಗೆ ಟರ್ಮಿನೇಟ್‌ಎಡಿಟ್‌ಆನ್‌ಫೋಕಸ್‌ಲಾಸ್ಟ್ ಅನ್ನೋ ಕ್ಲೈಂಟ್ ಪ್ರಾಪರ್ಟಿ ಟ್ರೂ ಮಾಡ್ರಿ, ಆದ್ರ ಅದ ಒಂದನ್ನ ನಂಬಿ ಕೂಡ್ಬ್ಯಾಡ್ರಿ, ಉಳಿಸೋ ಫಂಕ್ಷನ್‌ನ ಮೊದಲನೇ ಲೈನ್‌ನ್ಯಾಗ ನೀವ ಸ್ಟಾಪ್‌ಸೆಲ್‌ಎಡಿಟಿಂಗ್ ಕರೀರಿ. ಕಂಪೋಸ್ ಬಟನ್ ಒತ್ತಿದ್ರ ಸ್ವಿಂಗ್ ಫೋಕಸ್ ನೀವು ಅಂದ್ಕೊಂಡ ಹೊತ್ತಿಗ ಹೋಗ್ತೈತಿ ಅಂತ ಹೇಳಾಕ ಬರಂಗಿಲ್ಲ.

ಸೆಲೆಕ್ಷನ್ ಲಿಸನರ್‌ನ್ಯಾಗ ಗೆಟ್‌ವ್ಯಾಲ್ಯೂಈಸ್‌ಅಡ್ಜಸ್ಟಿಂಗ್ ಟ್ರೂ ಇದ್ರ ಬಿಟ್ಟುಬಿಡ್ರಿ, ಇಲ್ಲಂದ್ರ ಒಂದ್ ಕ್ಲಿಕ್‌ಗೆ ಎರಡೆರಡು ಸುದ್ದಿ ಬರ್ತೈತಿ. ಟಿಪ್ಪಣಿ ಬರಿಯಾಕ ಜೆಟೆಕ್ಸ್ಟ್‌ಏರಿಯಾ ಕೂಡ್ಸಿದ್ರ ಅಪ್‌ಡೇಟ್‌ನ್ಯಾಗ ಸೆಟ್‌ಟೆಕ್ಸ್ಟ್ ಕರಿಯೋಕಿಂತ ಮೊದ್ಲು ಈಗಿರೋ ಅಕ್ಷರ ಅದ ಐತೇನು ಅಂತ ನೋಡ್ರಿ, ಅದ ಇದ್ರ ಕರೀಬ್ಯಾಡ್ರಿ. ಕರದ್ರ ಕರ್ಸರ್ ಹಾರ್ತೈತಿ, ಡಾಕ್ಯುಮೆಂಟ್ ಲಿಸನರ್ ಮತ್ತ ಓಡ್ತೈತಿ, ಅದು ಸ್ಟೇಟ್ ಬದಲಿ ಮಾಡ್ತೈತಿ, ಸುತ್ತಾಟ ನಿಲ್ಲಂಗಿಲ್ಲ.

ಡ್ರಾಪ್‌ಡೌನ್ ಟೇಬಲ್ ಹಿಂದ ಹೋತು

ಇದು ಎಲ್ಲರಿಗೂ ಬರೋ ಪ್ರಶ್ನೆ. ಟೇಬಲ್ ಮ್ಯಾಲ ಕಂಪೋಸ್‌ದೊಂದು ಡ್ರಾಪ್‌ಡೌನ್ ಮೆನು ಇಟ್ಟಿರಿ, ಒತ್ತಿದ್ರ ಅರ್ಧ ಕಾಣ್ತೈತಿ, ಉಳಿದರ್ಧ ಟೇಬಲ್ ಹಿಂದ. ಕಂಪೋಸ್ ತನ್ನ ಎಲ್ಲಾ ಬಟನ್, ಅಕ್ಷರ, ಮೆನುಗಳನ್ನ ಸ್ಕಿಯಾ ಅನ್ನೋ ಚಿತ್ರ ಬಿಡಿಸೋ ಲೈಬ್ರರಿ ಮೂಲಕ ಒಂದ ಕ್ಯಾನ್ವಾಸ್ ಮ್ಯಾಲ ಬಿಡಿಸ್ತೈತಿ, ಸ್ವಿಂಗ್ ಕಾಂಪೊನೆಂಟ್ ಆ ಕ್ಯಾನ್ವಾಸ್‌ನ ಮುಂದ ಬ್ಯಾರೇನ ಕೂತಿರ್ತೈತಿ. ಗ್ವಾಡಿಗೆ ಬಳದ ಬಣ್ಣ ಕಂಪೋಸ್, ಆ ಗ್ವಾಡಿಗೆ ಮೊಳಿ ಹೊಡ್ದು ನಿಲ್ಸಿದ ಕಪಾಟು ಸ್ವಿಂಗ್, ಬಣ್ಣ ಎಷ್ಟ ಬಳದ್ರೂ ಕಪಾಟಿನ ಮುಂದ ಬರಂಗಿಲ್ಲ. ಇದ ಕಾರಣಕ್ಕ ಮಾಡಿಫೈಯರ್‌ನ್ಯಾಗ ದುಂಡ ಮೂಲಿ, ಅರ್ಧ ಪಾರದರ್ಶಕ, ತಿರುಗ್ಸೋ ಅನಿಮೇಷನ್ ಕೊಟ್ರ ಟೇಬಲ್‌ಗೆ ಹತ್ತಂಗಿಲ್ಲ.

ಪರಿಹಾರ ಮೂರು ನಮೂನಿ. ಮೊದಲನೇದು ಲೇಔಟ್‌ನ ಹಂಗ ಮಾಡ್ರಿ, ಟೇಬಲ್ ಮ್ಯಾಲ ಏನೂ ಹಾಯಬಾರ್ದು. ಫಿಲ್ಟರ್ ಪಟ್ಟಿ ಡ್ರಾಪ್‌ಡೌನ್ ಬದಲಿ ಎಡಗಡೆ ಕಾಲಂ ಆಗ್ಲಿ, ಡಿಲೀಟ್ ಮಾಡ್ಲೇನು ಅಂತ ಕೇಳೋ ಡೈಲಾಗ್ ಬ್ಯಾರೆ ವಿಂಡೋ ಆಗ್ಲಿ, ಡೈಲಾಗ್‌ವಿಂಡೋ ಅಂತ ಐತಿ ಅದಕ್ಕ. ನನಗ ಇದ ಹೆಚ್ಚು ಹಿಡಸ್ತೈತಿ, ಯಾವ ಕಂಪ್ಯೂಟರ್ ಮ್ಯಾಲ ಹಾಕಿದ್ರೂ ಒಂದ ರೀತಿ ನಡಿತೈತಿ. ಎರಡನೇದು ಸಿಸ್ಟಂ ಪ್ರಾಪರ್ಟಿ, ಕಂಪೋಸ್ ಡಾಟ್ ಇಂಟರಾಪ್ ಡಾಟ್ ಬ್ಲೆಂಡಿಂಗ್ ಟ್ರೂ ಅಂತ ಕೊಟ್ರ ಕಂಪೋಸ್‌ನ ಚಿತ್ರ ಸ್ವಿಂಗ್ ಮ್ಯಾಲೂ ಬರ್ತೈತಿ. ಇದು ಪ್ರಯೋಗದ ಹಂತದ ಸೌಲಭ್ಯ, ಕಂಪೋಸ್‌ನ ಯಾವ ಕೋಡ್ ಓಡೋಕಿಂತ ಮೊದಲ ಸೆಟ್ ಆಗಿರ್ಬೇಕು, ಅಂದ್ರ ಮೇನ್‌ನ ಮೊದಲನೇ ಲೈನ್ ಇಲ್ಲಾ ಜೆವಿಎಂ ಆರ್ಗ್ಯುಮೆಂಟ್. ಹಾಕಿದ್ರ ಅಂಗಡಿಯ ನಿಜವಾದ ಕಂಪ್ಯೂಟರ್ ಮ್ಯಾಲ ಹಾಕಿ ನೋಡ್ರಿ, ನಿಮ್ಮ ಲ್ಯಾಪ್‌ಟಾಪ್ ಮ್ಯಾಲ ನಡೀತು ಅಂತ ಬಿಡಬ್ಯಾಡ್ರಿ. ಮೂರನೇದು, ಮೆನು ತೆರದಾಗಷ್ಟ ಟೇಬಲ್ ಅಡಗ್ಸೋದು. ಅಸಹ್ಯ ಕಾಣ್ತೈತಿ, ತುರ್ತಿಗೆ ನಡಿತೈತಿ.

ಉಲ್ಟಾ ತೊಂದ್ರಿನೂ ಐತಿ, ಜೆಕಾಂಬೋಬಾಕ್ಸ್ ಒತ್ತಿದ್ರ ಅದರ ಪಟ್ಟಿ ಪ್ಯಾನೆಲ್ ಅಂಚಿಗೆ ಕಟ್ ಆಗಬಹುದು. ಸೆಟ್‌ಲೈಟ್‌ವೇಟ್‌ಪಾಪಪ್‌ಎನೇಬಲ್ಡ್ ಫಾಲ್ಸ್ ಮಾಡ್ರಿ, ಪಟ್ಟಿ ತನ್ನದ ವಿಂಡೋದಾಗ ತೆರಕೋತೈತಿ.

ಈ ಗಡಿ ತೊಂದ್ರಿ ಇರೋದಕ್ಕ ಇನ್ನೊಂದು ಮಾತು ಹೇಳಿಬಿಡ್ತೀನಿ, ಸಣ್ಣ ಸಣ್ಣ ಸ್ವಿಂಗ್‌ಪ್ಯಾನೆಲ್ ಹತ್ತು ಮಾಡೋದಕ್ಕಿಂತ ದೊಡ್ಡದು ಒಂದ ಮಾಡ್ರಿ. ಲೇಝಿಕಾಲಂನ (ಕಂಪೋಸ್‌ನ ಸ್ಕ್ರೋಲ್ ಆಗೋ ಪಟ್ಟಿ) ಪ್ರತಿ ಸಾಲಿನ್ಯಾಗ ಒಂದೊಂದು ಜೆಟೆಕ್ಸ್ಟ್‌ಫೀಲ್ಡ್ ಕೂಡ್ಸೋ ವಿಚಾರ ಇದ್ರ ಬಿಟ್ಟುಬಿಡ್ರಿ, ಸ್ಕ್ರೋಲ್ ಮಾಡಿದಂಗೆಲ್ಲಾ ಹುಟ್ಟಿ ಸಾಯ್ತಾವ.

ಅಳತಿ, ಕೀಲಿಮಣೆ, ಕನ್ನಡ ಅಕ್ಷರ

ಅಳತಿ ಮಾಡಿಫೈಯರ್‌ನಿಂದನ ಕೊಡ್ರಿ, ಫಿಲ್‌ಮ್ಯಾಕ್ಸ್‌ಸೈಜ್ ಇಲ್ಲಾ ವೇಟ್. ವರ್ಟಿಕಲ್‌ಸ್ಕ್ರೋಲ್ ಹಚ್ಚಿದ ಕಾಲಂ ಒಳಗ ಟೇಬಲ್ ಇಡಬ್ಯಾಡ್ರಿ, ಅಲ್ಲಿ ಎತ್ತರಕ್ಕ ಮಿತಿನ ಇರಂಗಿಲ್ಲ, ಫಿಲ್‌ಮ್ಯಾಕ್ಸ್‌ಹೈಟ್‌ಗೆ ಅರ್ಥ ಉಳಿಯಂಗಿಲ್ಲ, ಮ್ಯಾಲ ಎರಡು ಸ್ಕ್ರೋಲು ಮೌಸ್ ವೀಲ್‌ಗಾಗಿ ಜಗಳ ಆಡ್ತಾವ.

ಕೀಲಿಮಣೆ ಬಗ್ಗೆ: ಕಂಪೋಸ್ ವಿಂಡೋಕ್ಕ ಎಫ್2 ಒತ್ತಿದ್ರ ಹೊಸ ಲಾಟ್ ಅಂತ ಇಟ್ಟಿರ್ತೀರಿ, ಫೋಕಸ್ ಟೇಬಲ್ ಒಳಗ ಇದ್ದಾಗ ಆ ಕೀ ಸ್ವಿಂಗ್ ನುಂಗ್ತೈತಿ, ಕಂಪೋಸ್‌ಗೆ ಮುಟ್ಟಂಗಿಲ್ಲ. ಎಫ್2 ಅಂತೂ ಜೆಟೇಬಲ್‌ನ್ಯಾಗ ಸೆಲ್ ಎಡಿಟ್ ಸುರು ಮಾಡೋ ಕೀ. ಎರಡೂ ಕಡೆ ನಡಿಯೋ ಶಾರ್ಟ್‌ಕಟ್ ಬೇಕಂದ್ರ ಟೇಬಲ್‌ನ ಇನ್‌ಪುಟ್‌ಮ್ಯಾಪ್, ಆ್ಯಕ್ಷನ್‌ಮ್ಯಾಪ್ ಒಳಗೂ ಅದ ಕೀ ಬರ್ದು ಅದ ಫಂಕ್ಷನ್ ಕರೀರಿ, ಇಲ್ಲಾ ಕೀಬೋರ್ಡ್‌ಫೋಕಸ್‌ಮ್ಯಾನೇಜರ್‌ಗೆ ಒಂದ್ ಕೀಇವೆಂಟ್‌ಡಿಸ್ಪ್ಯಾಚರ್ ಹಚ್ಚ್ರಿ. ಟ್ಯಾಬ್ ಒತ್ತಿದ್ರ ಕೊನೇ ಕಾಲಂನಿಂದ ಮುಂದಿನ ಲಾಟ್‌ನ ಮೊದಲನೇ ಕಾಲಂಗ ಹೋಗೋದು ಜೆಟೇಬಲ್‌ನ ಹುಟ್ಟುಗುಣ, ಗುಮಾಸ್ತ ಕೇಳಿದ್ದು ಅದನ್ನ, ಅದನ್ನ ಮುರೀಬ್ಯಾಡ್ರಿ.

ಕನ್ನಡ ಅಕ್ಷರ ಜೋಡಣೆ ಬಗ್ಗೆ ಈಗ ಹೆದರಿಕಿ ಕಮ್ಮಿ, ಜಾವಾ 9ರಿಂದ ಜೆಡಿಕೆ ಒಳಗ ಹಾರ್ಫ್‌ಬಜ್ ಅನ್ನೋ ಅಕ್ಷರ ಜೋಡ್ಸೋ ಲೈಬ್ರರಿ ಐತಿ, ಸ್ಕಿಯಾ ಕಡೆನೂ ಅದನ. ಆದ್ರ ಜೆಟೇಬಲ್‌ನ ಸಾಲಿನ ಎತ್ತರ ಮೂಲದಾಗ 16 ಪಿಕ್ಸೆಲ್, ಇಂಗ್ಲಿಷ್‌ಗೆ ಸಾಕು, ನಮಗ ಸಾಲಂಗಿಲ್ಲ. "ರಟ್ಟಿಹಳ್ಳಿ", "ಹುಬ್ಬಳ್ಳಿ" ಅಂತ ಊರ ಹೆಸರು ಬಂದ್ರ ಒತ್ತಕ್ಷರದ ಬಾಲ ಕತ್ತರಿಸಿ ಹೋಗ್ತೈತಿ, ಟ ಕೆಳಗಿನ ಟಾವತ್ತು ಅರ್ಧ ಕಂಡು ಅರ್ಧ ಇಲ್ಲ. ಫಾಂಟ್‌ಮೆಟ್ರಿಕ್ಸ್‌ನಿಂದ ಎತ್ತರ ತಗೊಂಡು ಮ್ಯಾಲ ಒಂದಿಷ್ಟು ಕೂಡ್ಸಿ ಸೆಟ್‌ರೋಹೈಟ್ ಮಾಡ್ರಿ. ಎರಡೂ ಕಡೆ ಅಕ್ಷರ ಒಂದ ಕಾಣ್ಬೇಕಂದ್ರ ನೋಟೋ ಸ್ಯಾನ್ಸ್ ಕನ್ನಡದಂಥ ಒಂದ ಟಿಟಿಎಫ್ ಫೈಲ್ ಆ್ಯಪ್ ಒಳಗ ಇಟ್ಟು, ಕಂಪೋಸ್‌ಗೆ ಫಾಂಟ್‌ಫ್ಯಾಮಿಲಿ ಆಗಿ, ಸ್ವಿಂಗ್‌ಗೆ ಕ್ರಿಯೇಟ್‌ಫಾಂಟ್ ಮೂಲಕ, ಅದ ಫೈಲ್ ಎರಡಕ್ಕೂ ಕೊಡ್ರಿ.

ಹಳೇ ಡೇಟಾ ನುಡಿಯ ಯುನಿಕೋಡ್ ಅಲ್ದ ಫಾಂಟ್‌ನ್ಯಾಗ ಇದ್ರ ಅದು ಬ್ಯಾರೇನ ಕಥಿ. ಟೇಬಲ್‌ಗೆ ನುಡಿ ಫಾಂಟ್ ಹಚ್ಚಿದ್ರ ಅಲ್ಲಿ ಸರಿ ಕಾಣ್ತೈತಿ, ಅದ ಹೆಸರು ಕಂಪೋಸ್‌ನ ಕಾರ್ಡ್‌ನ್ಯಾಗ ಬಂದ್ರ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದ ಗಜಿಬಿಜಿ. ಎರಡೂ ಕಡೆ ನುಡಿ ಫಾಂಟ್ ಹಚ್ಚಿ ಸಾಗ ಹಾಕೋ ಯೋಚನೆ ಬರ್ತೈತಿ, ಬ್ಯಾಡ್ರಿ, ಹುಡುಕೋ ಬಾಕ್ಸ್‌ನ್ಯಾಗ ಯುನಿಕೋಡ್ ಹೊಡದ್ರ ಏನೂ ಸಿಗಂಗಿಲ್ಲ. ಡೇಟಾಬೇಸ್‌ನ ಒಮ್ಮೆ ಯುನಿಕೋಡ್‌ಗೆ ತಿರುವಿ ಆಮೇಲೆ ಈ ಕೆಲಸಕ್ಕ ಕೈ ಹಾಕ್ರಿ.

ಬಿಟ್ಟು ಹೋಗುವಾಗ

ಫ್ಯಾಕ್ಟರಿಯೊಳಗ ಸ್ವಿಂಗ್ ಟೈಮರ್ ಸುರು ಮಾಡಿದ್ರ, ಇಲ್ಲಾ ಹೊರಗಿನ ಯಾವುದಕ್ಕರ ಲಿಸನರ್ ಹಚ್ಚಿದ್ರ, ಸ್ಕ್ರೀನ್ ಹೋದ್ರೂ ಅವು ಜೀವಂತ ಇರ್ತಾವ. ಡಿಸ್ಪೋಸಬಲ್‌ಎಫೆಕ್ಟ್‌ನ ಆನ್‌ಡಿಸ್ಪೋಸ್ ಒಳಗ ಟೈಮರ್ ಸ್ಟಾಪ್, ಲಿಸನರ್ ರಿಮೂವ್. ಕೀಇವೆಂಟ್‌ಡಿಸ್ಪ್ಯಾಚರ್ ಹಚ್ಚಿದ್ರ ಅದನ್ನೂ ಇಲ್ಲೇ ತಗೀರಿ.

ಬ್ಯಾರೆ ಫ್ರೇಮ್‌ವರ್ಕ್‌ನೋರಿಗೆ

ಇದ ಎರಡು ಲ್ಯಾಂಬ್ಡಾದ ಆಟ ಎಲ್ಲಾ ಕಡೆ ಐತಿ. ಆಂಡ್ರಾಯ್ಡ್ ಕಂಪೋಸ್‌ನ್ಯಾಗ ಆಂಡ್ರಾಯ್ಡ್‌ವ್ಯೂ, ಅಲ್ಲೂ ಫ್ಯಾಕ್ಟರಿ ಮತ್ತ ಅಪ್‌ಡೇಟ್. ಆಪಲ್‌ನ ಸ್ವಿಫ್ಟ್‌ಯುಐಯೊಳಗ ಎನ್‌ಎಸ್‌ವ್ಯೂರೆಪ್ರೆಸೆಂಟಬಲ್, ಮೇಕ್ ಒಂದು, ಅಪ್‌ಡೇಟ್ ಒಂದು. ಡಬ್ಲ್ಯೂಪಿಎಫ್‌ನ ವಿಂಡೋಸ್‌ಫಾರ್ಮ್ಸ್‌ಹೋಸ್ಟ್‌ನ್ಯಾಗ ಹಳೇ ಕಂಟ್ರೋಲ್ ಮುಂದ, ಹೊಸದು ಹಿಂದ ಅನ್ನೋ ತೊಂದ್ರಿ ಇದ್ದಂಗ ಐತಿ. ಕ್ಯೂಟಿ ಮಾತ್ರ ಉಲ್ಟಾ ದಿಕ್ಕು, ಕ್ಯೂಎಂಎಲ್‌ನ ವಿಜೆಟ್ ಒಳಗ ಕೂಡ್ಸೋದು ಸಸಾರ, ಕ್ಯೂಕ್ವಿಕ್‌ವಿಜೆಟ್ ಐತಿ, ವಿಜೆಟ್‌ನ ಕ್ಯೂಎಂಎಲ್ ಒಳಗ ಕೂಡ್ಸೋಕ ಅಂಥ ನೇರ ದಾರಿ ಇಲ್ಲ.

ಅಂಗಡಿಗೆ ಹಾಕೋದು

ಐಡಿಇ ಒಳಗ ಚೊಲೊ ಓಡಿದ್ದು ಇನ್‌ಸ್ಟಾಲರ್ ಮಾಡಿದ ಮ್ಯಾಲ ಡೇಟಾಬೇಸ್‌ಗೆ ಹೋದ ಕೂಡ್ಲೆ ಬೀಳ್ತೈತಿ, ಕ್ಲಾಸ್ ಸಿಗ್ಲಿಲ್ಲ ಅಂತ. ಕಾರಣ ಸಾದಾ, ಪ್ಯಾಕೇಜ್ ಮಾಡುವಾಗ ಜಾವಾ ರನ್‌ಟೈಮ್‌ನ ಸಣ್ಣ ಮಾಡಿ ಹಾಕ್ತಾರ, ಜಾವಾ ಡಾಟ್ ಎಸ್‌ಕ್ಯೂಎಲ್ ಮಾಡ್ಯೂಲ್ ಅದರಾಗ ತಾನಾಗೇ ಬರಂಗಿಲ್ಲ. ಗ್ರೇಡಲ್‌ನ್ಯಾಗ ಸಜೆಸ್ಟ್‌ರನ್‌ಟೈಮ್‌ಮಾಡ್ಯೂಲ್ಸ್ ಅನ್ನೋ ಟಾಸ್ಕ್ ಓಡಸ್ರಿ, ಅದು ಯಾವ ಯಾವ ಮಾಡ್ಯೂಲ್ ಬೇಕು ಅಂತ ಪಟ್ಟಿ ಕೊಡ್ತೈತಿ, ಅದನ್ನ ನೇಟಿವ್ ಡಿಸ್ಟ್ರಿಬ್ಯೂಷನ್ಸ್ ಒಳಗ ಬರ್ದುಬಿಡ್ರಿ.

ಅಂಗಡಿ ಕಂಪ್ಯೂಟರ್ ಹಳೇದಿದ್ದು ವಿಂಡೋ ಖಾಲಿ ಇಲ್ಲಾ ಕರ್ರಗ ಬಂದ್ರ ಗ್ರಾಫಿಕ್ಸ್ ಡ್ರೈವರ್ ಮ್ಯಾಲ ಸಂಶಯ ಪಡ್ರಿ. ಸ್ಕಿಕೋ ರೆಂಡರ್ ಎಪಿಐ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸಾಫ್ಟ್‌ವೇರ್ ಅಂತ ಕೊಟ್ಟು ನೋಡ್ರಿ, ಪದಗಳ ನಡುವ ಅಂಡರ್‌ಸ್ಕೋರ್, ಎಲ್ಲಾ ದೊಡ್ಡ ಅಕ್ಷರ. ಸ್ವಲ್ಪ ನಿಧಾನ ಆಗ್ತೈತಿ, ಲಾಟ್ ಬರಿಯಾಕ ಅಷ್ಟು ಸಾಕು.

ಹಾಕಿದ ಮ್ಯಾಲ ಗುಮಾಸ್ತನ್ನ ಕೂಡ್ಸಿ ಹಳೇ ಚೀಟಿ ಒಂದ್ ಕಟ್ಟು ಕೊಟ್ಟು ಹೊಡಸ್ರಿ, ನೀವು ಹೊಡಿಬ್ಯಾಡ್ರಿ. ಆತ ಹೊಡಿಯೋ ಹೊತ್ತಿನ್ಯಾಗ ನೀವು ಇನ್ನೊಂದು ಕಂಪ್ಯೂಟರ್‌ನಿಂದ ಹೊಸ ಲಾಟ್ ಸೇರಿಸ್ಕೋತ ಇರ್ರಿ, ನಡುವ ತಾರೀಖು ಬದಲಿ ಮಾಡಸ್ರಿ, ಎಂಟರ್ ಒತ್ತದ ಉಳಿಸು ಅನ್ರಿ, ಆಮೇಲೆ ಚೀಟಿಗೂ ತಕ್‌ಪಟ್ಟಿಗೂ ತಾಳೆ ಹಾಕಿ ನೋಡ್ರಿ. ಇದನ್ನೆಲ್ಲಾ ಶುಕ್ರವಾರ ಮಾಡ್ರಿ, ಸೋಮವಾರಕ್ಕ ಮೊದ್ಲು ಎರಡು ದಿನ ಕೈಯಾಗ ಇರ್ತಾವ, ಹಳೇ ಇನ್‌ಸ್ಟಾಲರ್ ಅದ ಕಂಪ್ಯೂಟರ್‌ನ ಡೆಸ್ಕ್‌ಟಾಪ್ ಮ್ಯಾಲ ಇಟ್ಟು ಬರ್ರಿ.